ಊದಿನಕಡ್ಡಿಯ ಕಾಡತೂಸು

ತಕ್ಕಡಿ ಕಂಡರೆ ನಾನು ಉಸಿರು ಬಿಗಿಹಿಡಿಯುತ್ತೇನೆ. ಇದನ್ನು ಮೊದಲು ಪತ್ತೆ ಮಾಡಿದವಳು ನನ್ನ ಹೆಂಡತಿ ವಿನುತಾ. ನಾವು ಸಿಂಗಾಪುರದ ಬುಕಿತ್ ಬಾಟೋಕ್‌ಗೆ ಬಂದ ಹೊಸದು. ನಮ್ಮ ಬ್ಲಾಕಿನ ಹತ್ತಿರದ ಮಾರುಕಟ್ಟೆಯಲ್ಲಿ ಚೀನೀ ಅಜ್ಜಿಯೊಬ್ಬಳು ಬೆಂಡೆಕಾಯಿ ತೂಗುತ್ತಿದ್ದಳು. ಮುಳ್ಳು ಅತ್ತಿತ್ತ ಓಲಾಡಿ ನಿಲ್ಲುವ ತನಕ ನಾನು ಕಲ್ಲಿನಂತೆ ನಿಂತಿದ್ದೆ.

“ರೀ, ಬೆಂಡೇಕಾಯಿ ಕಣ್ರೀ ಅದು, ಬಂಗಾರ ಅಲ್ಲ. ಉಸಿರು ಬಿಡಿ,” ಎಂದಳು ವಿನುತಾ. ಅವಳು ಮೈಸೂರಿನವಳು. ಗಂಡನನ್ನು ಗೇಲಿ ಮಾಡುವಾಗಲೂ ಬಹುವಚನ ಬಿಡುವುದಿಲ್ಲ.

ಬಿಟ್ಟೆ. ಅಜ್ಜಿ ನನ್ನನ್ನು ಒಂದು ಥರಾ ನೋಡಿ ಎರಡು ಬೆಂಡೆಕಾಯಿ ಹೆಚ್ಚಿಗೆ ಹಾಕಿದಳು. ತನ್ನ ತೂಕದ ಮೇಲೆ ಇವನಿಗೆ ಅನುಮಾನ ಎಂದುಕೊಂಡಿರಬೇಕು.

ನಿಮಗೆ ನಗು ಬರಬಹುದು, ಆದರೆ ನನ್ನ ಹೊಟ್ಟೆಪಾಡೂ ತಕ್ಕಡಿಯದೇ. ಆಗ ನಾನು ಕಾಕಿ ಬುಕಿತ್‌ನ ಒಂದು ಸಣ್ಣ ಕಂಪನಿಯಲ್ಲಿದ್ದೆ. ಕಾರ್ಖಾನೆಗಳ ತೂಕದ ಯಂತ್ರಗಳು ಸರಿಯಾಗಿವೆಯೋ ಇಲ್ಲವೋ ಎಂದು ಪರೀಕ್ಷಿಸಿ ಚೀಟಿ ಅಂಟಿಸುವುದು ನಮ್ಮ ಕೆಲಸ. ಅದು ಸಿಂಗಾಪುರದಲ್ಲಿ ಎಲ್ಲಿ ನೋಡಿದರೂ ಕ್ರೇನುಗಳು ನಿಂತಿದ್ದ ಕಾಲ. ತಿಂಗಳಿಗೊಂದು ಹೊಸ ಕಾರ್ಖಾನೆ, ವಾರಕ್ಕೊಂದು ಹೊಸ ಆರ್ಡರು. ನಾನಂತೂ ನಾಲ್ಕು ವರ್ಷಗಳಲ್ಲಿ ಮೂರು ಕೆಲಸ ಬದಲಿಸಿ, ಒಂದರಲ್ಲೂ ಕುರ್ಚಿ ಬಿಸಿಯಾಗಲು ಬಿಟ್ಟಿರಲಿಲ್ಲ. ಬೆಳಿಗ್ಗೆ ದ್ವೀಪದ ಪಶ್ಚಿಮದಿಂದ ಪೂರ್ವಕ್ಕೆ ಎಂಆರ್‌ಟಿ ರೈಲು, ಇಳಿದು ಬಸ್ಸು, ಆಮೇಲೆ ಇಡೀ ದಿನ ತಕ್ಕಡಿಗಳ ಮುಂದೆ ಉಸಿರು ಕಟ್ಟಿ ನಿಲ್ಲುವುದು.

ಈ ಅಭ್ಯಾಸ ಅಪ್ಪನಿಂದ ಬಂದದ್ದು ಎಂದು ಹೇಳಿಕೊಳ್ಳುತ್ತೇನೆ. ಹೇಳಿಕೊಳ್ಳುತ್ತೇನೆ ಎಂದೆ, ಗಮನಿಸಿ. ಯೂನಿವರ್ಸಿಟಿಯಲ್ಲಿ ಭೌತವಿಜ್ಞಾನ ಓದಿದ್ದರ ಫಲವಾಗಿ, ಯಾವ ಅಳತೆಯನ್ನೂ ಅದರ ದೋಷ ಎಷ್ಟೆಂದು ಕೇಳದೆ ನಂಬಬಾರದೆಂಬ ಕಾಯಿಲೆ ನನಗೆ ಅಂಟಿದೆ. ನೆನಪೂ ಒಂದು ಅಳತೆಯೇ ಅಲ್ಲವೇ? ನನ್ನ ಬಾಲ್ಯದ ನೆನಪುಗಳಲ್ಲಿ ಒಂದಷ್ಟು ನಾನು ಕಂಡದ್ದು, ಒಂದಷ್ಟು ಅವ್ವ ಹೇಳಿದ್ದು, ಉಳಿದದ್ದು ಮಂದಿಯೆದುರು ಹೇಳಿ ಹೇಳಿ ನಾನೇ ತಿಕ್ಕಿ ಹೊಳಪು ಕೊಟ್ಟದ್ದು. ಯಾವುದು ಯಾವುದೆಂದು ಬಿಡಿಸಿ ನೋಡಲು ಹೋದರೆ ಕೈಗೆ ಏನೂ ಉಳಿಯುವುದಿಲ್ಲ. ಒಂದು ನೆನಪಿನ ಮೇಲೆ ಮಾತ್ರ ನನಗೆ ಎಂದೂ ಅನುಮಾನ ಬಂದಿರಲಿಲ್ಲ. ಅದು ನಾನು ಹತ್ತು ವರ್ಷದವನಿದ್ದಾಗ ನನ್ನ ಕೈಯಾರೆ ರಿವಾಲ್ವರಿನ ಕಾಡತೂಸು ತುಂಬಿದ್ದು, ಅಪ್ಪ ಅದನ್ನು ಹಾರಿಸಿದ್ದು, ಅದು ನೇರ ಗುರಿಯ ನಟ್ಟನಡುವೆ ಬಿದ್ದದ್ದು.

ಗಾಬರಿಯಾಗಬೇಡಿ. ನಮ್ಮದು ಡಕಾಯಿತರ ಮನೆತನವಲ್ಲ. ಅಪ್ಪ ಗದುಗಿನಲ್ಲಿ ತೂಕ ಮತ್ತು ಅಳತೆ ಇಲಾಖೆಯ ಇನ್ಸ್‌ಪೆಕ್ಟರ್ ಆಗಿದ್ದರು. ಅವರು ಪೇಟೆಯಲ್ಲಿ ಹೊರಟರೆ ಕಿರಾಣಿ ಅಂಗಡಿಗಳಲ್ಲಿ ತಕ್ಕಡಿ ತಟ್ಟೆಗಳು ಒಮ್ಮೆಲೇ ಒರೆಸಿಕೊಳ್ಳುತ್ತಿದ್ದವು. ಮನೆಯಲ್ಲೂ ಹಾಗೆಯೇ. ಹಾಲಿನವನು ಲೀಟರು ಅಳೆಯುವಾಗ ಎರಡೆರಡು ಸಲ ಅಪ್ಪನ ಕಡೆ ನೋಡುವುದನ್ನು ನಾನು ಕಂಡಿದ್ದೇನೆ, ಅಥವಾ ಕಂಡಿದ್ದೇನೆ ಎಂದುಕೊಂಡಿದ್ದೇನೆ. ಇಂಥ ಮನುಷ್ಯನಿಗೆ ಇದ್ದ ಒಂದೇ ಶೋಕಿ ಎಂದರೆ ಊರ ಹೊರಗಿನ ಹಳೆಯ ಕಲ್ಲುಕ್ವಾರಿಯಲ್ಲಿ ರವಿವಾರ ಸೇರುತ್ತಿದ್ದ ಶೂಟಿಂಗ್ ಕ್ಲಬ್ಬು. ಏಳೆಂಟು ಮಂದಿ ಸದಸ್ಯರು, ಕ್ಲಬ್ಬಿನದೇ ಒಂದು ಮುದಿ ರಿವಾಲ್ವರು, ಅಪ್ಪ ಗೌರವ ಕಾರ್ಯದರ್ಶಿ.

ತೊಂದರೆಯೆಂದರೆ, ವರ್ಷಕ್ಕೆ ಮಂಜೂರಾಗುತ್ತಿದ್ದ ಕಾಡತೂಸುಗಳು ಎರಡು ರವಿವಾರಕ್ಕೂ ಸಾಲುತ್ತಿರಲಿಲ್ಲ. ಹೆಚ್ಚಿಗೆ ಕೊಳ್ಳಲು ಆ ಕ್ಲಬ್ಬಿಗೆ ಶಕ್ತಿಯಿರಲಿಲ್ಲ. ಹಾರಿಸಿದ ಮೇಲೆ ಉಳಿಯುವ ಹಿತ್ತಾಳೆಯ ಖಾಲಿ ಕೇಸನ್ನು ಮತ್ತೆ ಮತ್ತೆ ತುಂಬಬಹುದೆಂದು ಅಪ್ಪ ಎಲ್ಲೋ ಓದಿದರು. ಅದಕ್ಕೆ ಬೇಕಾದ ಕಾಗದಪತ್ರವನ್ನು ಕ್ಲಬ್ಬಿನ ಹೆಸರಿನಲ್ಲಿ ಮಾಡಿಸಿಕೊಂಡರು. ಆ ಪರವಾನಗಿ ನಮ್ಮ ಪಡಸಾಲೆಯವರೆಗೆ ಚಾಚಿಕೊಂಡಿತ್ತೇ ಎಂದು ಈಗ ಯೋಚಿಸಿದರೆ ನನಗೆ ಸಂಶಯವೇ.

ವಿದೇಶದ ಯಂತ್ರ ತರಿಸುವ ಮಾತೇ ಇರಲಿಲ್ಲ. ಇಲಾಖೆಯ ಹರಾಜಿನಲ್ಲಿ ಸಿಕ್ಕ, ಕಾಗದಕ್ಕೆ ಮೊಹರು ಒತ್ತುವ ಒಂದು ಕಬ್ಬಿಣದ ಯಂತ್ರವನ್ನು ಅಪ್ಪ ಲೇಥಿನ ಅಂಗಡಿಗೆ ಒಯ್ದು, ಹದಿನೈದು ದಿನ ಅಲ್ಲೇ ಕೂತು, ಅದರ ಬಾಯಿ ಬದಲಿಸಿಕೊಂಡು ಬಂದರು. ಹಿಡಿಕೆ ಒತ್ತಿದರೆ ಅದು ನಮ್ಮ ಓಣಿಯ ಮುದಿ ನಾಯಿಯ ಹಾಗೆ ಕುಂಯ್ ಎನ್ನುತ್ತಿತ್ತು. ಸೀಸ ಕಾಯಿಸಲು ಅವ್ವನ ಹಳೆಯ ಒಗ್ಗರಣೆ ಸೌಟು ಹೋಯಿತು. ಅದು ಹಿತ್ತಲಲ್ಲೇ ಇರಬೇಕು, ಮತ್ತೆ ಹೊಸ್ತಿಲು ದಾಟಿ ಒಳಗೆ ಬರಕೂಡದು ಎಂದು ಅವ್ವ ಕಟ್ಟಪ್ಪಣೆ ಮಾಡಿದ್ದಳು.

ಖಾಲಿ ಕೇಸುಗಳನ್ನು ತೊಳೆಯುವ ಕೆಲಸ ಅವ್ವನದೇ. ಸೋಮವಾರ ಪೂಜೆಯ ಸಾಮಾನು ತಿಕ್ಕುವಾಗ ಗಂಟೆ, ದೀಪದ ಕಂಬ, ತಂಬಿಗೆಗಳ ಜೊತೆಗೆ ಒಂದು ಬೊಗಸೆ ಕೇಸುಗಳೂ ಹುಣಸೆಹಣ್ಣಿನಲ್ಲಿ ಮೀಯುತ್ತಿದ್ದವು. ಹಿತ್ತಾಳೆ ಎಂದರೆ ಹಿತ್ತಾಳೆ, ಅವಳಿಗೆ ಭೇದವಿರಲಿಲ್ಲ. ಆಮೇಲೆ ಮಾಳಿಗೆಯ ಮೇಲೆ ಸಂಡಿಗೆಯ ಪಕ್ಕ ಬಿಸಿಲಿಗೆ. ಕಾಗೆ ಕಾಯುವುದು ನನ್ನ ಪಾಲಿಗೆ. ಸಂಡಿಗೆ ಬಿಟ್ಟು ಹೊಳೆಯುವ ಕೇಸನ್ನೇ ಕಚ್ಚಿಕೊಂಡು ಹೋದ ಕಾಗೆಯೊಂದಿತ್ತು. ಅದರ ಗೂಡು ಹುಡುಕಲು ಅಪ್ಪ ಬೇವಿನ ಮರ ಹತ್ತಿದ್ದರು. ಕಾರ್ಯದರ್ಶಿಗಳು ಲೆಕ್ಕ ಕೊಡಬೇಕಲ್ಲ!

ತುಂಬುವ ದಿನ ಮನೆಯ ಶಿಸ್ತೇ ಬೇರೆ. ಫ್ಯಾನು ಬಂದ್, ಕಿಟಕಿ ಬಂದ್. ಅವ್ವ ರೊಟ್ಟಿ ಬಡಿಯುವ ಹಾಗಿಲ್ಲ, ನೆಲ ಅದುರುತ್ತದೆ. ಗಾಜಿನ ಪೆಟ್ಟಿಗೆಯ ಸೂಕ್ಷ್ಮ ತಕ್ಕಡಿಯನ್ನು ಅಪ್ಪ ಕೂಸನ್ನು ಎತ್ತುವಂತೆ ಎತ್ತಿ ಮೇಜಿನ ಮೇಲಿಡುತ್ತಿದ್ದರು. ಕೇಸಿನ ಬುಡಕ್ಕೆ ಪ್ರೈಮರ್ ಎಂಬ ಸಣ್ಣ ಬಿಲ್ಲೆ ಕೂರಿಸಬೇಕು. ರಿವಾಲ್ವರಿನ ಸುತ್ತಿಗೆ ಬಡಿಯುವುದು ಅದಕ್ಕೇ. ಒಳಗೆ ತೂಗಿದ ಮದ್ದು, ಮೇಲೆ ಸೀಸದ ಗುಂಡು. ಮದ್ದು ತೂಗುವಾಗ ಯಾರೂ ಮಾತಾಡುವಂತಿಲ್ಲ.

“ತಕ್ಕಡಿ ಮುಂದ ಉಸರ ಬಿಡಬ್ಯಾಡ. ನಿನ್ನ ಉಸರಿಗೂ ತೂಕ ಅದ,” ಎನ್ನುತ್ತಿದ್ದರು ಅಪ್ಪ.

ಒಂದು ಬೇಸಿಗೆಯಲ್ಲಿ ನನ್ನ ಕಾಟ ತಾಳದೆ ಒಂದೇ ಒಂದನ್ನು ಮೊದಲಿನಿಂದ ಕೊನೆಯವರೆಗೆ ನಾನೇ ಮಾಡಲು ಬಿಟ್ಟರು. ಮಾಡಿದೆ. ಗುರುತಿಗೆ ಕಂಪಾಸು ಪೆಟ್ಟಿಗೆಯ ಕೈವಾರದ ಮೊನೆಯಿಂದ ಕೇಸಿನ ಮೈಮೇಲೆ ಒಂದು ನಕ್ಷತ್ರ ಗೀಚಿದೆ. ಮುಂದಿನ ರವಿವಾರ ಕ್ವಾರಿಯಲ್ಲಿ ಅಪ್ಪ ಅದನ್ನು ನನಗೆ ತೋರಿಸಿ ರಿವಾಲ್ವರಿಗೆ ಹಾಕಿದರು, ಹಾರಿಸಿದರು. ಕಲ್ಲಿನ ಗೋಡೆಗಳಿಗೆ ಬಡಿದು ಮೂರು ಸಲ ತಿರುಗಿ ಬಂದ ಆ ಸದ್ದು ನನ್ನ ಕಿವಿಯಲ್ಲಿ ಈಗಲೂ ಇದೆ. ಗುರಿಹಲಗೆಯ ಕಾಗದದಲ್ಲಿ ನಟ್ಟನಡುವೆ ತೂತು. “ಏನ್ ತುಂಬಿಯಲೇ!” ಎಂದರು ಅಪ್ಪ. ಖಾಲಿ ಕೇಸನ್ನು ನನ್ನ ಕೈಗೇ ಕೊಟ್ಟರು. ಅದನ್ನು ಎಷ್ಟೋ ವರ್ಷ ಜೋಪಾನ ಮಾಡಿ, ಹಾಸ್ಟೆಲ್ ಬದಲಿಸುವ ಗಡಿಬಿಡಿಯಲ್ಲಿ ಕಳೆದುಕೊಂಡೆ.

ಅಪ್ಪ ತೀರಿಕೊಂಡ ಮೇಲೆ ಅವ್ವನನ್ನು ಸಿಂಗಾಪುರಕ್ಕೆ ಕರೆತಂದೆ. ಅವಳ ಪೂಜೆಯ ಪೆಟ್ಟಿಗೆಯಿಂದ ಗಂಟೆ, ಆರತಿ, ವಿಭೂತಿಗಟ್ಟಿಗಳ ಜೊತೆ ನಕ್ಷತ್ರದ ಗೀರಿದ್ದ ಒಂದು ಹಿತ್ತಾಳೆಯ ಕೇಸು ಹೊರಬಂತು. ಸ್ಟೀಲಿನ ಬಟ್ಟಲಿಗೆ ಅಕ್ಕಿ ತುಂಬಿ, ನಡುವೆ ಅದನ್ನು ಬಾಯಿ ಮೇಲಾಗಿ ನೆಟ್ಟು, ಅದರಲ್ಲಿ ಎರಡು ಊದಿನಕಡ್ಡಿ ಸಿಗಿಸಿದಳು. ಊರಲ್ಲೂ ವರ್ಷಗಟ್ಟಲೆ ಹಾಗೇ ಮಾಡುತ್ತಿದ್ದಳಂತೆ. ಊರಿಗೆ ಹೋದಾಗ ಎಷ್ಟು ಸಲ ಅವಳ ದೇವರ ಮುಂದೆ ಕೂತಿದ್ದೇನೋ, ನನ್ನ ಕಣ್ಣಿಗೆ ಒಮ್ಮೆಯೂ ಬಿದ್ದಿರಲಿಲ್ಲ. ನಾನು ಕಳೆದುಕೊಂಡದ್ದು ಅವಳಿಗೆ ಎಲ್ಲೋ ಸಿಕ್ಕಿದೆ ಎಂದು ಹಿಗ್ಗಿದೆ. ಕೇಳಲಿಲ್ಲ. ಸಂತೋಷದ ವಿಷಯದಲ್ಲಿ ಸಂಶಯವಾದಿಗಳೂ ಸೋಮಾರಿಗಳೇ.

ಆಮೇಲೆ ಕನ್ನಡದವರು ಯಾರೇ ಊಟಕ್ಕೆ ಬಂದರೂ, ಅವರನ್ನು ದೇವರ ಶೆಲ್ಫಿನ ಮುಂದೆ ನಿಲ್ಲಿಸಿ ನನ್ನ ಕತೆ ಶುರು. ವಿನುತಾ ಅಡಿಗೆಮನೆಯಿಂದ, “ಕ್ವಾರಿಗೆ ಹೋದ್ರಾ? ಬುಲ್ಸ್-ಐ ಹೊಡೆದಾಯ್ತಾ? ಹಾಗಾದ್ರೆ ಹಪ್ಪಳ ಕರೀತೀನಿ,” ಎಂದು ಕೂಗುತ್ತಿದ್ದಳು.

ಅವ್ವ ಇಲ್ಲಿಗೆ ಒಗ್ಗಿಕೊಳ್ಳುತ್ತಾಳೋ ಇಲ್ಲವೋ ಎಂಬ ನಮ್ಮ ಭಯ ಒಂದೇ ತಿಂಗಳಲ್ಲಿ ಹೋಗಿತ್ತು. ನಮ್ಮ ಮಹಡಿಯ ಉದ್ದನೆಯ ಕಾರಿಡಾರನ್ನು ಅವಳು ಕಟ್ಟೆ ಮಾಡಿಕೊಂಡಳು. ಎದುರು ಮನೆಯ ಹಮೀದ್ ಅಂಕಲ್ ಅವಳ ಖಾಸಾ ಗೆಳೆಯ. ಮೂವತ್ತು ವರ್ಷ ಇಲ್ಲಿನ ಸೈನ್ಯದ ಉಗ್ರಾಣದಲ್ಲಿದ್ದು ನಿವೃತ್ತರಾದ ಮಲಯ್ ಮನುಷ್ಯ. ಅವ್ವನಿಗೆ ಹುಬ್ಬಳ್ಳಿ ಕಡೆಯ ಹಿಂದಿ ಬರುತ್ತದೆ, ಅವರಿಗೆ ಮಲಯ್ ಮತ್ತು ಇಂಗ್ಲಿಷ್. ದುನಿಯಾ, ಸಾಬೂನು, ಕುರ್ಚಿ, ಖಬರು ಎಂದು ಎರಡೂ ಕಡೆ ಇದ್ದ ನಾಲ್ಕಾರು ಮಾತು ಆಯ್ದುಕೊಂಡು ಅವರಿಬ್ಬರೂ ಒಂದು ಸಂಸಾರದ ಕಷ್ಟಸುಖವನ್ನೇ ಹೇಳಿಕೊಳ್ಳುತ್ತಿದ್ದರು. ಇಲ್ಲಿಂದ ಶೇಂಗಾ ಉಂಡೆ ಹೋದ ಡಬ್ಬಿ ಅಲ್ಲಿಂದ ಖಾಲಿ ಬಂದದ್ದಿಲ್ಲ.

ಅವ್ವನಿಗೆ ಇದ್ದ ಒಂದೇ ಕೊರಗು ವೀಸಾ. ಕೆಲವು ತಿಂಗಳಿಗೊಮ್ಮೆ ದೇಶ ಬಿಟ್ಟು ಹೋಗಿ ಮತ್ತೆ ಬರಬೇಕು. ಅವಳ ಮಂಡಿಗಳು ಪ್ರತಿ ಸಲವೂ ವಿಮಾನದ ಮೆಟ್ಟಿಲನ್ನು ಶಪಿಸುತ್ತಿದ್ದವು. ನಾನು ಪಿಆರ್‌ಗೆ, ಅಂದರೆ ಇಲ್ಲಿನ ಕಾಯಂ ವಾಸದ ಅನುಮತಿಗೆ, ಅರ್ಜಿ ಹಾಕಿದ್ದೆ. ಅದು ಸಿಕ್ಕರೆ ಅವ್ವನಿಗೆ ದೀರ್ಘಕಾಲದ ಪಾಸು ಕೇಳಬಹುದಿತ್ತು. ಸಿಗದಿದ್ದರೆ ಮತ್ತೆ ಅದೇ ಗಂಟುಮೂಟೆ. ನಾವು ಮೂವರೂ ದಿನಾ ಅಂಚೆ ಪೆಟ್ಟಿಗೆ ನೋಡುತ್ತಿದ್ದೆವು.

ಹೀಗಿರುವಾಗ ಒಂದು ಶನಿವಾರ ನಮ್ಮ ಹಾಲಿನ ಸೀಲಿಂಗ್ ಫ್ಯಾನು ಕೆಟ್ಟಿತು. ಹಮೀದ್ ಅಂಕಲ್ ಏಣಿ ತಂದು ಹತ್ತಿದರು. ಕೆಳಗೆ ಏಣಿ ಹಿಡಿದವನು ಭೌತವಿಜ್ಞಾನದ ಪದವೀಧರ. ಅವರು ಫ್ಯಾನಿನ ಟೋಪಿ ಬಿಚ್ಚಿ ಕೆಳಗೆ ನೋಡಿದರು. ಪಕ್ಕದ ಗೋಡೆಯ ದೇವರ ಶೆಲ್ಫಿನ ಮೇಲೆ ಕಣ್ಣು ಬಿತ್ತು. ಸ್ಕ್ರೂಡ್ರೈವರ್ ಅಲ್ಲೇ ನಿಂತಿತು.

“ಆಂಟಿ,” ಎಂದರು ನಿಧಾನಕ್ಕೆ, “ದಟ್ ಒನ್, ವೇರ್ ಕಮ್ ಫ್ರಮ್?”

ಏಣಿ ಇಳಿದು ಶೆಲ್ಫಿನ ಮುಂದೆ ಕೈ ಹಿಂದೆ ಕಟ್ಟಿ ನಿಂತರು. ದೇವರ ಸಾಮಾನನ್ನು ತಾವು ಮುಟ್ಟಬಾರದು ಎಂಬ ಸಂಕೋಚ. ಅವ್ವನಿಗೇ ತೆಗೆದು ತಿರುಗಿಸಲು ಹೇಳಿದರು. ಅವ್ವ ಅಕ್ಕಿಯಿಂದ ಅದನ್ನು ಕಿತ್ತು, ಸೆರಗಿನಲ್ಲಿ ಒರೆಸಿ, ಬುಡ ತೋರಿಸಿದಳು. ಅವರು ಕನ್ನಡಕ ಹಣೆಗೇರಿಸಿ ಬಗ್ಗಿ ನೋಡಿದರು. ನಾನೂ ನೋಡಿದೆ.

“ಸೀ? ನೋ ಡೆಂಟ್,” ಎಂದರು.

ಬುಡದ ಬಿಲ್ಲೆ ಹೊಸ ನಾಣ್ಯದ ಹಾಗೆ ನುಣ್ಣಗಿತ್ತು. ಹಾರಿಸಿದ ಕಾಡತೂಸಿನ ಬಿಲ್ಲೆಯ ನಡುವೆ ಸುತ್ತಿಗೆ ಬಡಿದ ಕುಳಿ ಇರಲೇಬೇಕು. ಇದರಲ್ಲಿ ಇಲ್ಲ. ಅಂದರೆ ಇದು ಯಾವತ್ತೂ ಹಾರಿದ್ದಲ್ಲ. ಅಂದರೆ ಆ ಬಿಲ್ಲೆಯಲ್ಲಿ ಜೀವ ಇನ್ನೂ ಇರಬಹುದು. ಅಂದರೆ ನಮ್ಮವ್ವ ಇಷ್ಟು ವರ್ಷ ದಿನಕ್ಕೆರಡು ಸಲ ಅದರಲ್ಲಿ ಬೆಂಕಿ ಸಿಗಿಸಿ ಕಣ್ಣು ಮುಚ್ಚಿ ಕೂರುತ್ತಿದ್ದಳು!

(ಊದಿನಕಡ್ಡಿಯ ಕೆಳತುದಿಯಲ್ಲಿ ಬರೀ ಬಿದಿರಿರುತ್ತದೆ, ಕೆಂಡ ಅಲ್ಲಿಯವರೆಗೆ ಇಳಿಯುವುದಿಲ್ಲ, ಹಾಗಾಗಿ ಅಪಾಯ ತೀರಾ ಕಡಿಮೆ ಎಂದು ನಾನು ಲೆಕ್ಕ ಹಾಕಿದೆ. ಆದರೆ ಎರಡು ದಿನ ಬಿಟ್ಟು. ಆ ಕ್ಷಣದಲ್ಲಿ ನಾನು ಮಾಡಿದ್ದು ಮೂರು ಹೆಜ್ಜೆ ಹಿಂದೆ ಸರಿದದ್ದು.)

ಹಮೀದ್ ಅಂಕಲ್ ತಮ್ಮ ಜೀವಮಾನವನ್ನೇ ಇಂಥ ಖಾಲಿ ಕೇಸು ಎಣಿಸಿ ಕಳೆದವರು. ಇಲ್ಲಿನ ಸೈನ್ಯದಲ್ಲಿ ಗುಂಡು ಹಾರಿಸುವ ಅಭ್ಯಾಸ ಮುಗಿದ ಮೇಲೆ ಪ್ರತಿಯೊಬ್ಬನೂ ಜೇಬು ತೆರೆದು, ತನ್ನ ಬಳಿ ಕಾಡತೂಸೂ ಇಲ್ಲ, ಖಾಲಿಯೂ ಇಲ್ಲ ಎಂದು ಗಟ್ಟಿಯಾಗಿ ಹೇಳಬೇಕಂತೆ. ಒಂದು ಕೇಸು ಕಡಿಮೆ ಬಂದರೆ ಎಲ್ಲರೂ ಹುಲ್ಲಿನಲ್ಲಿ ಮಂಡಿಯೂರಿ ಹುಡುಕಬೇಕು. ಇಲ್ಲಿನ ಕಾನೂನಿಗೆ ಈ ವಿಷಯದಲ್ಲಿ ತಮಾಷೆ ಇಲ್ಲ, ಪೊಲೀಸರಿಗೆ ಫೋನ್ ಮಾಡುವುದೊಂದೇ ದಾರಿ ಎಂದರು.

ಅವರು ಹೋದ ಮೇಲೆ ವಿನುತಾ ಬಾಗಿಲು ಹಾಕಿದಳು.

“ರೀ, ಪಿಆರ್ ಅರ್ಜಿ ಅವರ ಟೇಬಲ್ ಮೇಲಿದೆ. ಈಗ ಪೊಲೀಸ್‌ನ ನಾವೇ ಕರೆಯೋದಾ? ಸುಮ್ನೆ ರಬ್ಬಿಶ್ ಚ್ಯೂಟ್‌ಗೆ ಹಾಕ್ಬಿಡಿ, ಮುಗೀತು.”

ನನಗೂ ಅದೇ ಸರಿ ಎನಿಸಿತ್ತು. ಮಹಡಿಗಳಿಂದ ಕಸ ಜಾರಿಬೀಳುವ ಆ ಚ್ಯೂಟಿನ ಕೆಳಗೆ ಕಸ ಎತ್ತುವವರ ಕೈ ಇದೆ, ಆಮೇಲೆ ಕಸ ಅದುಮುವ ಲಾರಿ ಇದೆ ಎಂಬುದು ನೆನಪಾಗದೆ ಇರಲಿಲ್ಲ. ಆದರೂ ಸಂಭವನೀಯತೆ ಎಷ್ಟು ಎಂದು ಮನಸ್ಸಿನಲ್ಲೇ ಗುಣಿಸತೊಡಗಿದ್ದೆ. ಅವ್ವ ಹಾಸಿಗೆಯ ಮೇಲೆ ಕೂತು ಮಂಡಿ ನೀವಿಕೊಳ್ಳುತ್ತಿದ್ದಳು.

“ಅಲ್ಲೋ,” ಎಂದಳು, “ಕಸದಾಗ ಕೈ ಹಾಕಾಂವಗ ಗೊತ್ತಿರತೈತೇನು ಅದರಾಗ ಏನೈತಂತ? ನಾಳೆ ಪೊಲೀಸರ್ನ ಕರಿ. ಊರಿಗೆ ಕಳಸತೀವಿ ಅಂದ್ರ ಹೋಗೂಣು. ಆದ್ರ ಇದನ್ನ ಮುಚ್ಚಿಡಬ್ಯಾಡ. ನಿಮ್ಮಪ್ಪಾರ ಮಗಾ ಅನಿಸಿಕೊಂಡು ಇದನ್ನ ಮುಚ್ಚಿಟ್ಟರ ನನಗ ಊದಿನಕಡ್ಡಿ ಹಚ್ಚಾಕ ಮನಸ ಬರೂದಿಲ್ಲ.”

ಕಳೆದುಕೊಳ್ಳುವವಳು ಅವಳೇ. ತೀರ್ಮಾನ ಕೊಟ್ಟವಳೂ ಅವಳೇ. ಮರುದಿನ ಬೆಳಿಗ್ಗೆ ಫೋನ್ ಮಾಡಿದೆ.

ಅವ್ವನ ಪೂಜೆಯ ಹೊತ್ತು ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಪೊಲೀಸರು ಇಷ್ಟು ಬೇಗ ಬರುತ್ತಾರೆಂದು ಅವಳೂ ಎಣಿಸಿರಲಿಲ್ಲ. ಇಬ್ಬರು ಬಾಗಿಲಲ್ಲಿ ನಿಂತಾಗ, ಕೊನೆಯದೊಂದು ಸಲ ಎಂದು ಅವ್ವ ಆ ಕೇಸಿನಲ್ಲೇ ಊದಿನಕಡ್ಡಿ ಹಚ್ಚಿ ಆಗಿತ್ತು. ಒಬ್ಬಾಕೆ ಸಾರ್ಜೆಂಟ್, ನನ್ನ ವಯಸ್ಸಿನವಳು. ಜೊತೆಗೆ ಒಬ್ಬ ಪೇದೆ. ದೇವರ ಶೆಲ್ಫು ಕಂಡು ಇಬ್ಬರೂ ಬೂಟು ಕಳಚಿದರು. ಪೇದೆಯ ಒಂದು ಕಾಲುಚೀಲದ ಹೆಬ್ಬೆರಳಲ್ಲಿ ತೂತಿತ್ತು. ಅವ್ವನ ಕಣ್ಣು ಅಲ್ಲಿಗೇ ಹೋಯಿತು.

“ಇಟ್ ಈಸ್… ಬರ್ನಿಂಗ್?” ಎಂದಳು ಸಾರ್ಜೆಂಟ್. “ಊದಿ ಆರಿಸಬಹುದಾ?”

ಅನುವಾದಿಸಿದೆ. ಅವ್ವ ಬೆಚ್ಚಿದಳು. “ದೇವರಿಗೆ ಹಚ್ಚಿದ್ದನ್ನ ಬಾಯಿಲೆ ಊದಿ ಆರಸೂದ? ಶಿವ ಶಿವಾ! ಕುಂದರ್ರಿ ಅನ್ನು, ತಾನ ಆರತೈತಿ. ಅಲ್ಲೀತನಕ ಚಾ ಕುಡೀರಿ.”

ಸಾರ್ಜೆಂಟ್ ಎಲ್ಲರನ್ನೂ ಶೆಲ್ಫಿನಿಂದ ದೂರದ ಗೋಡೆಗೆ ಸರಿಸಿ, ನೋಟ್‌ಬುಕ್ ತೆಗೆದಳು. ಹೀಗೆ ಸಿಂಗಾಪುರದ ಇಬ್ಬರು ಪೊಲೀಸರು ನಮ್ಮ ಹಾಲಿನಲ್ಲಿ ಊದಿನಕಡ್ಡಿ ಮುಗಿಯುವುದನ್ನು ಕಾಯುತ್ತ ಕೂತರು. ಕಾಯುವ ಹೊತ್ತಿಗೆ ಹೇಳಿಕೆ ಆಗಿಬಿಡಲಿ ಎಂದಳು ಸಾರ್ಜೆಂಟ್. ವಸ್ತು ಅವ್ವನದು, ಹೇಳಿಕೆಯೂ ಅವಳದು. ಭಾಷಾಂತರ ನನ್ನದು.

“ಇದನ್ನು ಮಾಡಿದ್ದು ಯಾರು?”

ಕೇಳಿದೆ. ಅವ್ವ ಸೀದಾ ನನ್ನತ್ತ ಬೆರಳು ತೋರಿಸಿದಳು. “ಇಂವಾ.”

ಪಿಆರ್ ಅರ್ಜಿಯ ಮೂರನೆಯ ಪುಟದಲ್ಲೋ ನಾಲ್ಕನೆಯದರಲ್ಲೋ, ಯಾವ ಕಾನೂನನ್ನೂ ಮುರಿದವನಲ್ಲವೆಂದು ನಾನು ಹಾಕಿದ್ದ ಸಹಿ ಕಣ್ಣಮುಂದೆ ಬಂತು. ಕನ್ನಡದಲ್ಲೇ, ಮುಖ ನಗುನಗುತ್ತಾ ಇಟ್ಟುಕೊಂಡು, “ಅವ್ವಾ, ಅಪ್ಪ ಮಾಡಿದ್ರು ಅಂದ್ರೂ ನಡೀತದಲ್ಲ?” ಎಂದೆ.

“ಸುಳ್ಳ ಯಾಕ ಹೇಳ್ಲಿ? ತುಂಬಿದಾಂವ ನೀನು. ನಿಮ್ಮಪ್ಪಾರು ಅದರಾಗಿನ ಗುಂಡ ಕಿತ್ತು ಮದ್ದ ಚೆಲ್ಲಿದ್ರು, ಅಷ್ಟ.”

“ಗುಂಡು ಕಿತ್ತರಾ? ಯಾವಾಗ? ಅವತ್ತು ಕ್ವಾರಿಯಲ್ಲಿ…”

“ಸರ್,” ಎಂದಳು ಸಾರ್ಜೆಂಟ್, “ನೀವು ಟ್ರಾನ್ಸ್‌ಲೇಟ್ ಮಾತ್ರ ಮಾಡಿ, ಕ್ಯಾನ್? ಏನಂದರು ಅವರು?”

ಜೀವನದಲ್ಲಿ ನಾನು ಮಾಡಿದ ಅತಿ ಕಷ್ಟದ ಭಾಷಾಂತರ ಅದು. “ಇದನ್ನು ನಾನು ಮಾಡಿದೆ ಎನ್ನುತ್ತಾರೆ,” ಎಂದೆ. “ಹತ್ತು ವರ್ಷದವನಿದ್ದಾಗ.”

ಪೆನ್ನು ನಿಂತಿತು. “ಟೆನ್ ಇಯರ್ಸ್ ಓಲ್ಡ್?”

“ಹೌದು.”

ಬರೆದುಕೊಂಡಳು. ಅವ್ವ ಮುಂದುವರಿಸಿದಳು. ಒಂದೊಂದು ವಾಕ್ಯಕ್ಕೂ ನಿಂತು, ನಾನು ಇಂಗ್ಲಿಷ್ ಮಾಡುವ ತನಕ ಕಾದು, ಮತ್ತೆ. ತನ್ನ ಮಗನ ಬಗೆಗಿನ ಗುಟ್ಟನ್ನು ಆ ಮಗನ ಬಾಯಿಂದಲೇ ಪೊಲೀಸರಿಗೆ ಹೇಳಿಸಿದಳು.

ಆ ದಿನ ನಾನು ಮದ್ದು ಹಾಕುತ್ತಿದ್ದಾಗ, ತಕ್ಕಡಿ ಜಪ್ತಿಯಾದ ಅಂಗಡಿಕಾರನೊಬ್ಬ ಬಾಗಿಲಿಗೆ ಬಂದು ಗೋಗರೆದನಂತೆ. ಅಪ್ಪ ಎದ್ದು ಹೋದರು. ಅವ್ವ ಅಡಿಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ನಾನು ಕೇಸಿಗೆ ಮದ್ದು ಸುರಿದೆ. ಬಾಗಿಲ ಕಡೆ ತಿರುಗಿ ಜಗಳ ನೋಡಿದೆ. ಮತ್ತೆ ಈ ಕಡೆ ತಿರುಗಿ ಕೇಸನ್ನು ನೋಡುತ್ತ ಕೂತೆ.

“ಹಾಕಿನೋ ಇಲ್ಲೋ ಅಂತ ಇವನಿಗೆ ಅನುಮಾನ ಬಂತು. ಮಾರಿ ನೋಡಿದ್ರ ಗೊತ್ತಾಕ್ಕಿತ್ತು. ಇನ್ನೊಮ್ಮೆ ಹಾಕಿದ.”

ಎರಡು ಪಟ್ಟು ಮದ್ದು. ಅದನ್ನು ಹಾರಿಸಿದ್ದರೆ ಆ ಮುದಿ ರಿವಾಲ್ವರು ಅಪ್ಪನ ಕೈಯಲ್ಲೇ ಸಿಡಿಯುತ್ತಿತ್ತು. ಇದನ್ನು ನಾನು ಇಂಗ್ಲಿಷಿನಲ್ಲಿ ಹೇಳಿದಾಗ ಪೇದೆ ಚಹದ ಲೋಟ ಕೆಳಗಿಟ್ಟ.

ರಾತ್ರಿ ಊಟ ಬಡಿಸುವಾಗ ಅವ್ವ ಹೇಳಿದಳಂತೆ. ಅಪ್ಪ ನಂಬಲಿಲ್ಲ. ಯಾರ ಮಾತನ್ನೂ ತೂಗದೆ ನಂಬಿದವರಲ್ಲ ಅವರು. ಉಂಡು ಕೈತೊಳೆದು, ತಕ್ಕಡಿ ತೆಗೆದು, ನಕ್ಷತ್ರದ ಕಾಡತೂಸನ್ನು ಒಂದು ತಟ್ಟೆಯಲ್ಲಿ, ತಮ್ಮದೊಂದನ್ನು ಇನ್ನೊಂದರಲ್ಲಿ ಇಟ್ಟರು. ನನ್ನದು ಕೆಳಗಿಳಿಯಿತು. ಆಮೇಲೆ ಗುಂಡು ಕಿತ್ತು, ಮದ್ದು ಅಂಗಳಕ್ಕೆ ಚೆಲ್ಲಿ, ತಮ್ಮದರ ಮೇಲೆ ನನ್ನದೇ ಕೈವಾರದಿಂದ ಅಂಥದೇ ಒಂದು ನಕ್ಷತ್ರ ಗೀಚಿದರು.

“‘ಇವನಿಗೆ ಹೇಳಬ್ಯಾಡ, ಇಲ್ಲಾಂದ್ರ ಮುಂದ ಯಾವ ಕೆಲಸಕ್ಕೂ ಕೈ ಹಚ್ಚೂದಿಲ್ಲ,’ ಅಂದ್ರು. ಮರುದಿನದಿಂದ ಆ ಯಂತ್ರ ಮನ್ಯಾಗ ಇಡಲಿಲ್ಲ, ಕ್ಲಬ್ಬಿಗೆ ಕೊಟ್ಟುಬಿಟ್ರು. ಈ ಖಾಲಿ ಕೇಸ ನಾ ಇಟ್ಟಕೊಂಡೆ. ನನ್ನ ಗಂಡನ ಕೈ ಉಳದ ಗುರುತಲ್ಲೇನು ಇದು, ದೇವರ ಮುಂದ ಇಡಲಿಲ್ಲಂದ್ರ ಹೆಂಗ?”

ಇದನ್ನು ನಾನು ಹೇಗೆ ಇಂಗ್ಲಿಷ್ ಮಾಡಿದೆನೋ ನೆನಪಿಲ್ಲ. ನಿಜವಾಗಿಯೂ ನೆನಪಿಲ್ಲ. ಸಾರ್ಜೆಂಟ್ ಬರೆಯುವುದನ್ನು ನಿಲ್ಲಿಸಿ ಅವ್ವನನ್ನು ನೋಡುತ್ತಿದ್ದಳು. ಬೂದಿ ಕೊನೆಯ ಸಲ ಅಕ್ಕಿಯ ಮೇಲೆ ಉದುರಿತು. ಕೆಂಡ ಬಿದಿರಿಗೆ ಬಂದು ನಿಂತಿತು. ಅವಳು ಕೈಗವಸು ಹಾಕಿಕೊಂಡು, “ಮೇ ಐ?” ಎಂದು ಅವ್ವನನ್ನು ಕೇಳಿ, ಅವ್ವ ತಲೆ ಆಡಿ ಎರಡೂ ಕೈ ಮುಗಿದ ಮೇಲೆ, ಅಕ್ಕಿಯಿಂದ ಅದನ್ನು ಎತ್ತಿದಳು. ಒಂದು ಅಕ್ಕಿಕಾಳು ಅದರ ಜೊತೆಗೇ ಹೋಯಿತು. ಬಟ್ಟಲಿನ ನಡುವೆ ದುಂಡನೆಯ ಗುಂಡಿ ಉಳಿಯಿತು. ಪೇದೆ ಬೂಟು ಹಾಕಿಕೊಳ್ಳುವಾಗ ಅವ್ವ ಅವನ ಕೈಗೆ ನಾಲ್ಕು ಶೇಂಗಾ ಉಂಡೆ ಕೊಟ್ಟಳು. ತೆಗೆದುಕೊಳ್ಳುವ ಹಾಗಿಲ್ಲ ಎಂದ. “ಕಾಲುಚೀಲ ಹೊಲಿಸಿಕೋ ಅನ್ನು,” ಎಂದಳು ಅವ್ವ. ಅದನ್ನು ನಾನು ಅನುವಾದಿಸಲಿಲ್ಲ.

ಆಮೇಲಿನ ವಾರಗಳಲ್ಲಿ ನಾನು ಸಂಶಯವಾದಿಯ ಕೆಲಸ ಶ್ರದ್ಧೆಯಿಂದ ಮಾಡಿದೆ. ಅವ್ವನನ್ನು ಪಾಟೀಸವಾಲಿಗೆ ಒಳಪಡಿಸಿದೆ. ಅಂಗಡಿಕಾರ ಯಾರು? ಅವತ್ತು ಯಾವ ವಾರ? ಅವಳಿಗೆ ಹೆಸರು ನೆನಪಿಲ್ಲ, ವಾರ ನೆನಪಿಲ್ಲ. ಆ ಬಿಲ್ಲೆಗೆ ಅಪ್ಪ ಎಣ್ಣೆ ಬಿಟ್ಟು ಕೆಡಿಸಿದ್ದರೇ ಎಂದರೆ, “ಬಿಟ್ಟಿದ್ರೇನೋ. ಬರೇ ಒರಸಿದ್ರೋ. ಯಾರಿಗೆ ನೆನಪೈತೋ?” ಎಂದಳು. ಆದರೆ ನುಣ್ಣನೆಯ ಬಿಲ್ಲೆ ಅವಳ ಕಡೆಗಿತ್ತು. ನನ್ನ ಕಡೆಗಿದ್ದದ್ದು ನಾನೇ ಹೊಳಪು ಕೊಟ್ಟ ಒಂದು ಕತೆ. ನನಗೆ ಎಂದೂ ಅನುಮಾನ ಬಾರದ ಒಂದೇ ನೆನಪನ್ನು ಅಪ್ಪ ಕೂತು ಮಾಡಿ ಕೊಟ್ಟಿದ್ದರು. ಊರಿನ ಒಂದು ತೂಕದ ಬಟ್ಟನ್ನೂ ತಪ್ಪು ತೂಗಲು ಬಿಡದ ಮನುಷ್ಯ, ಗೊತ್ತಿದ್ದೂ ಒಂದೇ ಒಂದು ಸುಳ್ಳು ತೂಕಕ್ಕೆ ತಮ್ಮ ಮೊಹರು ಒತ್ತಿದ್ದರು.

“ಅಪ್ಪ ಹಂಗ್ಯಾಕೆ ಮಾಡಿದ್ರು?” ಎಂದು ಒಂದು ಸಂಜೆ ಕಾರಿಡಾರಿನಲ್ಲಿ ಕೂತಾಗ ಕೇಳಿದೆ.

“ಕ್ವಾರಿಯಿಂದ ಮನಿಗೆ ಬರೂ ಮುಂದ ನೀ ಹೆಂಗ ನಡಕೊಂತ ಬಂದಿ, ನೆನಪೈತೇನು?”

ಇತ್ತು. ಓಣಿಯುದ್ದಕ್ಕೂ ಎದೆ ಮುಂದೆ ಮಾಡಿ, ಮುಷ್ಟಿಯಲ್ಲಿ ಬಿಸಿ ಹಿತ್ತಾಳೆ ಹಿಡಿದು ನಡೆದಿದ್ದೆ. ಅದು ಯಾರ ಕಾಡತೂಸಾಗಿದ್ದರೂ ಆ ನಡಿಗೆ ನನ್ನದೇ.

“ಮತ್ತ?” ಎಂದಳು ಅವ್ವ.

ಎದುರು ಬಾಗಿಲಿಂದ ಹಮೀದ್ ಅಂಕಲ್ ದಿನಾ ಕೇಳುತ್ತಿದ್ದರು, “ಖಬರ್?” ಅವ್ವ ದಿನಾ ಕೈ ಆಡಿಸುತ್ತಿದ್ದಳು, ಇಲ್ಲ. ಒಂದು ಮಧ್ಯಾಹ್ನ ಸಾರ್ಜೆಂಟಿನ ಫೋನ್ ಬಂತು. ವಸ್ತುವನ್ನು ನಾಶ ಮಾಡಲಾಗಿದೆ, ಮುಂದಿನ ಕ್ರಮವೇನೂ ಇಲ್ಲ, ನೀವಾಗಿಯೇ ತಿಳಿಸಿದ್ದಕ್ಕೆ ಥ್ಯಾಂಕ್ಸ್ ಎಂದಳು. ಫೋನ್ ಇಡುವ ಮುಂಚೆ, “ನಿಮ್ಮ ತಾಯಿ ಹೇಗಿದ್ದಾರೆ?” ಎಂದೂ ಕೇಳಿದಳು. ಪಿಆರ್ ಪತ್ರ ಬರಲು ಇನ್ನೂ ಕೆಲವು ತಿಂಗಳು ಹಿಡಿಯಿತು. ಬಂತು. ವಿನುತಾ ಅದನ್ನು ಮೂರು ಸಲ ಓದಿ, “ರೀ, ಟೆನ್ ಇಯರ್ಸ್ ಓಲ್ಡ್ ಡಕಾಯಿತನಿಗೂ ಕೊಟ್ಟುಬಿಟ್ರಲ್ರೀ!” ಎಂದಳು. ಅವ್ವನ ಪಾಸೂ ಅದರ ಹಿಂದೆಯೇ ಬಂತು. ಆ ದಿನ ಹೋದ ಡಬ್ಬಿ ವಾಪಸು ಬರುವುದಕ್ಕೂ ಕಾಯದೆ ಹಮೀದ್ ಅಂಕಲ್ ಮನೆಗೆ ಉಂಡೆ ಹೋಯಿತು.

ಅಷ್ಟರಲ್ಲಿ ಅವ್ವ ಊದಿನಕಡ್ಡಿಯನ್ನು ನೇರ ಅಕ್ಕಿಗೇ ಸಿಗಿಸುತ್ತಿದ್ದಳು. ಅದು ವಾಲುತ್ತಿತ್ತು. ಅವಳು ದಿನಾ ಅದನ್ನು ಬೆರಳಿನಿಂದ ನೆಟ್ಟಗೆ ಮಾಡುತ್ತಿದ್ದಳು.

ನಮ್ಮ ಕಂಪನಿಯ ಪರೀಕ್ಷಾ ಕೋಣೆಯಲ್ಲಿ ಕೆಲಸದಿಂದ ತೆಗೆದ ಹಳೆಯ ಹಿತ್ತಾಳೆಯ ತೂಕದ ಬಟ್ಟುಗಳ ಒಂದು ಡಬ್ಬಿಯಿತ್ತು. ಅಂಥ ಬಟ್ಟಿನ ನೆತ್ತಿಯಲ್ಲಿ ಒಂದು ತೂತಿರುತ್ತದೆ. ತೂಕ ಕಡಿಮೆಯಾದರೆ ಅದರೊಳಗೆ ಸೀಸ ತುಂಬಿ ಸರಿಮಾಡುತ್ತಾರೆ. ಬಾಸನ್ನು ಕೇಳಿ ಒಂದನ್ನು ಪಡೆದು, ಒಳಗಿನ ಸೀಸ ತೆಗೆದು, ಹುಣಸೆಹಣ್ಣಿನಲ್ಲಿ ನಾನೇ ತಿಕ್ಕಿ ತಂದುಕೊಟ್ಟೆ. ಅವ್ವ ಅದನ್ನು ಅಂಗೈಯಲ್ಲಿಟ್ಟು ತೂಗಿ ನೋಡಿದಳು. ಅಪ್ಪನ ಹೆಂಡತಿಯಲ್ಲವೇ.

“ತೂಕ ಸರಿ ಐತೇನೋ?”

“ಇಲ್ಲವ್ವ, ಹೆಚ್ಚಾಗಿತ್ತು. ಅದಕ್ಕೇ ತೆಗೆದುಬಿಟ್ಟಿದ್ರು.”

“ಹಂಗಾರ ನಿಂದ ಇದು,” ಎಂದು ನಕ್ಕಳು.

ಅಕ್ಕಿಯ ನಡುವೆ ಅದೇ ಜಾಗದಲ್ಲಿ ಬೆರಳಿನಿಂದ ಒಂದು ಗುಂಡಿ ಮಾಡಿ ಬಟ್ಟನ್ನು ಕೂರಿಸಿದಳು. ಊದಿನಕಡ್ಡಿ ಹಚ್ಚಿ ಸಿಗಿಸಿದಳು. ಹೊಗೆ ನೂಲಿನಂತೆ ನೆಟ್ಟಗೆ ಎದ್ದಿತು. ನೋಡುತ್ತ ನಿಂತಿದ್ದೆ.

“ರೀ,” ಎಂದಳು ವಿನುತಾ ಹಿಂದಿನಿಂದ, “ಇಲ್ಲಿ ತಕ್ಕಡಿ ಇಲ್ಲ.”

ಉಸಿರು ಬಿಟ್ಟೆ. ಹೊಗೆ ಸ್ವಲ್ಪ ವಾಲಿ, ಮತ್ತೆ ನೆಟ್ಟಗಾಯಿತು.